ಮದುವೆ ಕಾರ್ಡಿನ ಆ ಬಳುಕುವ ಅಕ್ಷರ: ಬಿಡಿಸಿ ಮತ್ತೆ ಕೂಡಿಸುವ ಕಣ್ಕಟ್ಟು

ನಮ್ಮ ಚಿಕ್ಕಪ್ಪನ ಮಗಳು ತೇಜಸ್ವಿನಿಯ ಮದುವೆ ಕಾರ್ಡ್ ಮಾಡಿಸುವ ಕೆಲಸ ನನ್ನ ತಲೆಗೆ ಬಂದಿತ್ತು. ಕನ್ನಡದ ಕಡೆ ಏನೂ ತೊಂದರೆ ಇರಲಿಲ್ಲ, ಹಳೇ ಕಾರ್ಡೊಂದರ ಒಕ್ಕಣೆಯನ್ನೇ ತಿದ್ದಿ ಇಟ್ಟುಕೊಂಡಿದ್ದೆ. ಇಂಗ್ಲಿಷ್ ಕಡೆ ಮಾತ್ರ ಸ್ವಲ್ಪ ಗ್ರ್ಯಾಂಡ್ ಆಗಿರಲಿ ಅಂತ ಹುಡುಗಿಯ ಹೆಸರಿಗೆ ಬಳ್ಳಿಯ ಹಾಗೆ ಬಳುಕುವ ಸ್ಕ್ರಿಪ್ಟ್ ಫಾಂಟ್ ಹಾಕಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಕ್ಯಾಪ್ಸ್ ಲಾಕ್ ಒತ್ತಿ, ಇಂಗ್ಲಿಷಿನ ಒಂಬತ್ತಕ್ಕೆ ಒಂಬತ್ತೂ ಅಕ್ಷರ ದೊಡ್ಡವೇ ಆಗಲಿ ಅಂತ ಹೊಡೆದೆ. ಪ್ರೂಫ್ ನೋಡಿದ ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, “ಇದು ಯಾರ ಹೆಸರೋ?” ಅಂದರು.

ಸ್ವಂತ ಮಗಳ ಹೆಸರು!

ತಪ್ಪು ನಂದೇ, ಫಾಂಟಿನದಲ್ಲ. ಆ ಫಾಂಟ್ ಹೇಗೆ ಕಟ್ಟಿದ್ದು ಅಂತ ನನಗೆ ಗೊತ್ತಿರಲಿಲ್ಲ, ಅಷ್ಟೇ. ಆಮೇಲೆ ಕುತೂಹಲಕ್ಕೆ ಅದರ ಬಗ್ಗೆ ಓದುತ್ತಾ ಹೋದೆ. ಇವು ಮಾಮೂಲಿ ಫಾಂಟ್‌ಗಳಲ್ಲ, ಒಂದು ಥರದ ಕಣ್ಕಟ್ಟು ಅಂತ ಆಗ ಗೊತ್ತಾಯಿತು. ಕೈ ಎತ್ತದೆ ಹರಿಯುವಂತೆ ಬರೆದ ಬರಹವನ್ನು ಒಂದೊಂದೇ ಅಕ್ಷರವಾಗಿ ತುಂಡು ಮಾಡಿ, ಆ ತುಂಡುಗಳು ಯಾವ ಸಾಲಿನಲ್ಲಿ ಹೇಗೆ ಬಂದರೂ ಮತ್ತೆ ಕೂಡಿಕೊಳ್ಳುವಂತೆ ಮಾಡಿಟ್ಟಿದ್ದಾರೆ. ಅದು ಹೇಗೆ ಅಂತ ಒಮ್ಮೆ ತಿಳಿದುಬಿಟ್ಟರೆ, ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಅನ್ನೋದಕ್ಕೆ ಬೇರೆ ಪಟ್ಟಿ ಬೇಕಾಗುವುದಿಲ್ಲ.

ಮೊದಲು ಯಾವ ಫಾಂಟಿನ ಮಾತು ಅಂತ ಹೇಳಿಬಿಡುತ್ತೇನೆ. ಡಿಟಿಪಿ ಅಂಗಡಿಯಲ್ಲಿ ‘ಸ್ಟೈಲ್ ಅಕ್ಷರ ಹಾಕಿ’ ಅಂದರೆ ಬ್ರಷ್ ಸ್ಕ್ರಿಪ್ಟ್, ಮೋನೋಟೈಪ್ ಕೊರ್ಸಿವಾ, ಎಡ್ವರ್ಡಿಯನ್ ಸ್ಕ್ರಿಪ್ಟ್ ಎಲ್ಲ ಒಂದೇ ಬುಟ್ಟಿಯಲ್ಲಿ ಬರುತ್ತವೆ. ಅವು ಒಂದೇ ಅಲ್ಲ. ಬ್ರಷ್ ಸ್ಕ್ರಿಪ್ಟ್ 1942ರಲ್ಲಿ ಅಮೆರಿಕದಲ್ಲಿ ಬಂದದ್ದು, ಕುಂಚದಲ್ಲಿ ಬೋರ್ಡ್ ಬರೆಯುವವನ ಕೈಚಳಕ ಅದರಲ್ಲಿದೆ, ಸ್ವಲ್ಪ ಸಲಿಗೆಯ ಅಕ್ಷರ. ಕೊರ್ಸಿವಾ ಇಟಲಿಯ ಹಳೇ ಬರಹದಿಂದ ಬಂದದ್ದು, ಅಗಲ ನಿಬ್ಬಿನದು, ಅದರ ಅಕ್ಷರಗಳು ಪಕ್ಕಪಕ್ಕ ನಿಲ್ಲುತ್ತವೆಯೇ ಹೊರತು ಕೈಕೈ ಹಿಡಿಯುವುದಿಲ್ಲ. ನಾನು ಹೇಳುತ್ತಿರುವುದು ಮೂರನೇ ಜಾತಿ. ಎಡ್ವರ್ಡಿಯನ್, ಕುನ್ಸ್ಟ್ಲರ್, ಬಿಕ್‌ಹ್ಯಾಮ್, ಸ್ನೆಲ್ ರೌಂಡ್‌ಹ್ಯಾಂಡ್. ಬಲಕ್ಕೆ ಚೆನ್ನಾಗಿ ವಾಲಿಕೊಂಡು, ಕೂದಲೆಳೆಯಂಥ ತೆಳು ಗೆರೆಯಿಂದ ಶುರುವಾಗಿ, ಕೆಳಗಿಳಿಯುವಾಗ ತುಂಬಿಕೊಂಡು, ಮತ್ತೆ ತೆಳುವಾಗಿ ಮುಂದಿನ ಅಕ್ಷರಕ್ಕೆ ಹೋಗಿ ಸೇರುವಂಥವು. ಇವನ್ನು ಫಾರ್ಮಲ್ ಸ್ಕ್ರಿಪ್ಟ್ ಅನ್ನುತ್ತಾರೆ. ತಾಮ್ರಪಟದ ಅಕ್ಷರ ಅನ್ನುವ ಅರ್ಥದಲ್ಲಿ ಕಾಪರ್‌ಪ್ಲೇಟ್ ಅಂತಲೂ ಹೇಳುತ್ತಾರೆ. ಆ ಹೆಸರು ಯಾಕೆ ಬಂತು ಅನ್ನೋದರಲ್ಲೇ ಅರ್ಧ ಕಥೆ ಇದೆ.

17ನೇ ಶತಮಾನದ ಕೊನೆಯ ಲಂಡನ್. ವ್ಯಾಪಾರ ಬೆಳೆಯುತ್ತಿತ್ತು. ಲೆಕ್ಕ, ಪತ್ರ, ಕರಾರು ಬರೆಯಲು ಗುಮಾಸ್ತರು ಬೇಕು, ಅವರೆಲ್ಲರ ಅಕ್ಷರವೂ ಒಂದೇ ಥರ ಇರಬೇಕು, ಬೇಗ ಬರೆಯುವಂತಿರಬೇಕು, ಯಾರು ಓದಿದರೂ ಅರ್ಥವಾಗಬೇಕು. ಅಂಥ ಬರಹ ಕಲಿಸುವುದನ್ನೇ ಕಸುಬು ಮಾಡಿಕೊಂಡ ಮೇಷ್ಟ್ರುಗಳಿದ್ದರು. ಅವರು ಕಲಿಸಿದ ಗುಂಡು ಅಕ್ಷರಕ್ಕೆ ರೌಂಡ್‌ಹ್ಯಾಂಡ್ ಅಂತ ಹೆಸರು. ಬರೆಯುತ್ತಿದ್ದದ್ದು ಹಕ್ಕಿಯ ಗರಿಯಲ್ಲಿ. ಗರಿಯ ಮೊನೆಯನ್ನು ಸೀಳಿರುತ್ತಾರಲ್ಲ, ಒತ್ತಿದರೆ ಆ ಸೀಳು ಅಗಲವಾಗಿ ಶಾಯಿ ಜಾಸ್ತಿ ಇಳಿಯುತ್ತದೆ, ಗೆರೆ ದಪ್ಪ. ಹಗುರ ಬಿಟ್ಟರೆ ಸೀಳು ಮುಚ್ಚಿಕೊಂಡು ಗೆರೆ ತೆಳು. ಮೇಲಕ್ಕೆ ಹೋಗುವಾಗ ಒತ್ತಿದರೆ ಮೊನೆ ಕಾಗದಕ್ಕೆ ಚುಚ್ಚಿಕೊಳ್ಳುತ್ತದೆ, ಹಾಗಾಗಿ ಒತ್ತು ಯಾವಾಗಲೂ ಕೆಳಗಿಳಿಯುವಾಗಲೇ. ಈ ಫಾಂಟ್‌ಗಳಲ್ಲಿ ಇಳಿಯುವ ಗೆರೆ ದಪ್ಪ, ಏರುವ ಗೆರೆ ತೆಳು ಯಾಕೆ ಅನ್ನೋದಕ್ಕೆ ಇಷ್ಟೇ ಕಾರಣ. ಅಲಂಕಾರಕ್ಕೆ ಅಂತ ಯಾರೋ ಕೂತು ಯೋಚಿಸಿದ್ದಲ್ಲ.

ಮೇಷ್ಟ್ರುಗಳು ತಮ್ಮ ಅಕ್ಷರದ ಮಾದರಿ ಪುಸ್ತಕಗಳನ್ನು ಮಾರುತ್ತಿದ್ದರು. ಅದನ್ನು ನೋಡಿ ನೋಡಿ ಹುಡುಗರು ನಕಲು ಬರೆಯಬೇಕು. ನಾವು ಶಾಲೆಯಲ್ಲಿ ದಿನಕ್ಕೊಂದು ಪುಟ ‘ಕಾಪಿ’ ಬರೆಯುತ್ತಿದ್ದೆವಲ್ಲ, ಇಂಗ್ಲಿಷಿಗೆ ನಾಲ್ಕು ಗೆರೆಯ ಪುಸ್ತಕ ಇಟ್ಟುಕೊಂಡು, ಆ ಕಾಪಿ ಅನ್ನೋ ಪದ ಇದೇ ಪರಂಪರೆಯದು. ಸರಿ, ಬಳುಕುವ ಬರಹವನ್ನು ಪುಸ್ತಕವಾಗಿ ಅಚ್ಚು ಹಾಕುವುದು ಹೇಗೆ? ಒಂದೊಂದು ಅಕ್ಷರದ ಸೀಸದ ಮೊಳೆ ಜೋಡಿಸಿ ಅಚ್ಚು ಮಾಡಿದರೆ ಆ ತೆಳು ಗೆರೆ ಬರುವುದಿಲ್ಲ. ಅದಕ್ಕೇ ತಾಮ್ರದ ಹಲಗೆಯ ಮೇಲೆ ಚೂಪಾದ ಉಳಿಯಲ್ಲಿ ಅಕ್ಷರವನ್ನು ಉಲ್ಟಾ ಕೊರೆದು, ಕೊರೆದ ಗೀರುಗಳಲ್ಲಿ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವನ್ನು ಒತ್ತಿ ತೆಗೆಯುತ್ತಿದ್ದರು. ಗೀರಿನೊಳಗಿನ ಶಾಯಿ ಕಾಗದಕ್ಕೆ ಬರುತ್ತಿತ್ತು.

ಇಲ್ಲಿ ಒಂದು ತಮಾಷೆ ಇದೆ. ಉಳಿ ಗರಿಗಿಂತ ಸಣ್ಣ ಗೆರೆ ಎಳೆಯುತ್ತದೆ. ಕೊರೆಯುವವನು ಮೇಷ್ಟ್ರ ಅಕ್ಷರಕ್ಕಿಂತ ಇನ್ನೂ ನಾಜೂಕಾಗಿ ಕೊರೆದ. ಪುಸ್ತಕ ಕೊಂಡ ಹುಡುಗ ಆ ಕೊರೆದ ಅಕ್ಷರವನ್ನೇ ನೋಡಿ ಗರಿಯಲ್ಲಿ ಅಷ್ಟೇ ತೆಳುವಾಗಿ ಬರೆಯಲು ಒದ್ದಾಡಿದ. ಕೈಬರಹದ ನಕಲು ಉಳಿಗೆ, ಉಳಿಯ ನಕಲು ಕೈಗೆ. ಹೀಗೆ ಎರಡು ಮೂರು ತಲೆಮಾರು ನಡೆದು ಈ ಬರಹ ಅಷ್ಟು ನುಣುಪಾಯಿತು. ಇದರ ದೊಡ್ಡ ಸಂಗ್ರಹ ಅಂದರೆ ಜಾರ್ಜ್ ಬಿಕ್‌ಹ್ಯಾಮ್ ಕೊರೆದು ತಂದ ‘ಯೂನಿವರ್ಸಲ್ ಪೆನ್‌ಮ್ಯಾನ್’. 1733ರಿಂದ 1741ರವರೆಗೆ ಕಂತು ಕಂತಾಗಿ ಬಂತು, ಒಟ್ಟು 212 ಹಲಗೆ. ಬೇರೆ ಬೇರೆ ಮೇಷ್ಟ್ರುಗಳ ಬರಹ ಅದರಲ್ಲಿದೆ.

ಈ ಬರಹ ಇಂಗ್ಲೆಂಡಿನಲ್ಲೇ ಉಳಿಯಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತರು ಬರೆದಿಟ್ಟ ದಪ್ಪ ದಪ್ಪ ಪುಸ್ತಕಗಳ ಅಕ್ಷರ ಇದೇ ಬಳಗದ್ದು. ಅಮೆರಿಕದ 1776ರ ಸ್ವಾತಂತ್ರ್ಯ ಘೋಷಣೆಯ ಚರ್ಮದ ಪ್ರತಿ ಇದೇ ರೌಂಡ್‌ಹ್ಯಾಂಡ್‌ನಲ್ಲಿದೆ, ಅದನ್ನು ಬರೆದವನು ಟಿಮತಿ ಮ್ಯಾಟ್‌ಲ್ಯಾಕ್ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಕೋಕಾ ಕೋಲಾ ಬಾಟಲಿಯ ಮೇಲಿನ ಹೆಸರೂ ದೂರದ ನೆಂಟ. ಅದು ಸ್ಪೆನ್ಸೇರಿಯನ್ ಅನ್ನುವ ಅಮೆರಿಕದ ಕವಲು, 1886ರಲ್ಲಿ ಕಂಪನಿಯ ಲೆಕ್ಕ ನೋಡಿಕೊಳ್ಳುತ್ತಿದ್ದ ಫ್ರಾಂಕ್ ರಾಬಿನ್‌ಸನ್ ಬರೆದದ್ದು.

ಆ ಲಂಡನ್ ಮೇಷ್ಟ್ರುಗಳಲ್ಲಿ ಒಬ್ಬ ಚಾರ್ಲ್ಸ್ ಸ್ನೆಲ್. ಅವನ ಒಂದು ಮಾದರಿ ಪುಸ್ತಕ 1694ರಲ್ಲಿ ಬಂತು. ಆಸಾಮಿ ಸ್ವಲ್ಪ ಖಡಕ್. ಅಕ್ಷರಕ್ಕೆ ಅಳತೆ ಇರಬೇಕು, ನಿಯಮ ಇರಬೇಕು ಅನ್ನುವ ಜಾತಿ. ಜಾನ್ ಕ್ಲಾರ್ಕ್ ಅನ್ನುವ ಇನ್ನೊಬ್ಬ ಮೇಷ್ಟ್ರ ಜೊತೆ ಈ ನಿಯಮಗಳ ವಿಷಯಕ್ಕೇ ಅಚ್ಚಿನಲ್ಲಿ ಜಗಳ ಆಡಿಕೊಂಡ. ಸುಮಾರು 250 ವರ್ಷ ಆದಮೇಲೆ ಅವನ ಆ ಖಡಕ್‌ತನವೇ ಕೆಲಸಕ್ಕೆ ಬಂತು. ಅದನ್ನು ಹೇಳುವ ಮೊದಲು ಈ ಬರಹವನ್ನು ಮೊಳೆ ಮಾಡಲು ಹೋದವರ ಪಾಡು ಹೇಳಬೇಕು.

ಅಚ್ಚುಮೊಳೆ ಅಂದರೆ ಸೀಸದ ಒಂದು ಚಿಕ್ಕ ಇಟ್ಟಿಗೆ, ಅದರ ತಲೆ ಮೇಲೆ ಅಕ್ಷರ. ಇಟ್ಟಿಗೆಗೆ ನಾಲ್ಕು ಮೂಲೆ, ನೆಟ್ಟಗಿನ ಗೋಡೆ. ನಮ್ಮ ಅಕ್ಷರವೋ ಗಾಳಿಗೆ ಬಾಗಿದ ಜೋಳದ ದಂಟಿನ ಹಾಗೆ ವಾಲಿದೆ, ಕೆಳಗಿನ ಗೆರೆಯಿಂದ ಸುಮಾರು 55 ಡಿಗ್ರಿ. ಉದ್ದದ ಕಡ್ಡಿ ಇರುವ ‘ಎಲ್’ ಅಥವಾ ‘ಎಫ್’ ತೆಗೆದುಕೊಂಡರೆ ಅದರ ತಲೆ ಪಕ್ಕದ ಇಟ್ಟಿಗೆಯ ಮೇಲಕ್ಕೆ ಚಾಚುತ್ತದೆ, ಬಾಲ ಹಿಂದಿನ ಇಟ್ಟಿಗೆಯ ಕೆಳಕ್ಕೆ ಹೋಗುತ್ತದೆ. ಹಾಗೆ ಹೊರಗೆ ಚಾಚಿಕೊಂಡ ಸೀಸದ ಎಳೆಗೆ ಕೆಳಗೆ ಆಧಾರ ಇಲ್ಲ, ನಾಲ್ಕು ಸಲ ಒತ್ತಿದರೆ ಮುರಿಯುತ್ತದೆ. ಮುರಿಯಬಾರದು ಅಂತ ಇಟ್ಟಿಗೆಯನ್ನೇ ಅಗಲ ಮಾಡಿದರೆ ಅಕ್ಷರಗಳ ನಡುವೆ ಬಿರುಕು, ಬರಹ ಹರಿದುಹೋಯಿತು. 19ನೇ ಶತಮಾನದ ಆರಂಭದಲ್ಲಿ ಪ್ಯಾರಿಸ್‌ನ ಫಿರ್ಮಾ ದಿದೊ ಇದಕ್ಕೆ ಒಂದು ಉಪಾಯ ಮಾಡಿದ. ಇಟ್ಟಿಗೆಯನ್ನೇ ಓರೆಯಾಗಿ ಎರಕ ಹೊಯ್ದ, ಅಕ್ಷರ ಎಷ್ಟು ವಾಲಿದೆಯೋ ಅಷ್ಟೇ ಓರೆ. ಸಾಲಿನ ಎರಡು ತುದಿಗೆ ಮುಕ್ಕೋನದ ತುಂಡು ಇಟ್ಟು ನೆಟ್ಟಗೆ ಮಾಡಿಕೊಳ್ಳುವುದು. ಚೆಂದವೇನೋ ಬಂತು, ಆದರೆ ಮೊಳೆ ಜೋಡಿಸುವವನ ಪಾಡು ಯಾರಿಗೂ ಬೇಡ.

ಆಮೇಲೆ ಲೈನೋಟೈಪ್ ಯಂತ್ರ ಬಂತು, ಕೀಲಿಮಣೆ ಒತ್ತಿದರೆ ಇಡೀ ಸಾಲು ಒಂದೇ ಪಟ್ಟಿಯಾಗಿ ಎರಕವಾಗಿ ಬೀಳುವಂಥದ್ದು. ಅದರಲ್ಲಿ ಪ್ರತಿ ಅಕ್ಷರಕ್ಕೂ ಒಂದು ಹಿತ್ತಾಳೆಯ ಅಚ್ಚು, ಆ ಅಚ್ಚಿನ ಗೋಡೆ ದಾಟಿ ಅಕ್ಷರ ಚಾಚುವ ಹಾಗೇ ಇಲ್ಲ. ಇಷ್ಟು ವಾಲಿದ, ಇಷ್ಟು ಕೂಡಿಕೊಳ್ಳುವ ಬರಹಕ್ಕೆ ಅದು ಹೇಳಿ ಮಾಡಿಸಿದ ಸೆರೆಮನೆ.

ಬಿಡುಗಡೆ ಸಿಕ್ಕಿದ್ದು ಸೀಸವೇ ಹೋದಾಗ. 1960ರ ದಶಕದ ಹೊತ್ತಿಗೆ ಫೋಟೋ ಟೈಪ್‌ಸೆಟ್ಟಿಂಗ್ ಬಳಕೆಗೆ ಬಂದಿತ್ತು. ಅಕ್ಷರಗಳ ನೆಗೆಟಿವ್ ಇರುತ್ತದೆ, ಅದರ ಮೂಲಕ ಬೆಳಕು ಹಾಯಿಸಿ ಫೋಟೋ ಕಾಗದದ ಮೇಲೆ ಅಕ್ಷರ ಮೂಡಿಸುವುದು. ಬೆಳಕಿಗೆ ಮೈ ಇಲ್ಲ, ಗೋಡೆ ಇಲ್ಲ. ಒಂದು ಅಕ್ಷರದ ಮೇಲೆ ಇನ್ನೊಂದು ಹಾದುಹೋದರೂ ಏನೂ ಮುರಿಯುವುದಿಲ್ಲ. 1965ರಲ್ಲಿ ನ್ಯೂಯಾರ್ಕಿನ ಮರ್ಗೆಂಥಾಲರ್ ಲೈನೋಟೈಪ್ ಕಂಪನಿಗೆ ಮ್ಯಾಥ್ಯೂ ಕಾರ್ಟರ್ ಅನ್ನುವ ಇಂಗ್ಲಿಷ್ ತರುಣ ಸೇರಿದ. ಆಮೇಲೆ ನಾವೆಲ್ಲ ಕಂಪ್ಯೂಟರಿನಲ್ಲಿ ದಿನಾ ನೋಡುವ ಜಾರ್ಜಿಯಾ, ವರ್ಡಾನಾ ಮಾಡಿದವನು ಇವನೇ. ಹದಿಹರೆಯದಲ್ಲೇ ನೆದರ್‌ಲೆಂಡ್ಸ್‌ನಲ್ಲಿ ಉಕ್ಕಿನ ಕಡ್ಡಿಯ ತುದಿಗೆ ಕೈಯಲ್ಲಿ ಅಕ್ಷರ ಕೊರೆಯುವುದನ್ನು ಕಲಿತಿದ್ದ. ಸೀಸದಲ್ಲಿ ಆಗದ್ದನ್ನು ಬೆಳಕಿನಲ್ಲಿ ಮಾಡಿ ತೋರಿಸಲು ಅವನು ಆರಿಸಿಕೊಂಡದ್ದು ಚಾರ್ಲ್ಸ್ ಸ್ನೆಲ್‌ನ ಬರಹವನ್ನು. ಹಾಗೆ ಹುಟ್ಟಿದ್ದು ಸ್ನೆಲ್ ರೌಂಡ್‌ಹ್ಯಾಂಡ್.

ಅಷ್ಟೊಂದು ಮೇಷ್ಟ್ರುಗಳಿದ್ದರೂ ಸ್ನೆಲ್ ಯಾಕೆ ಸರಿಹೊಂದಿದ ಅಂದರೆ ಅದೇ ಖಡಕ್‌ತನ. ಬರೆಯುವ ಕೈಗೆ ಒಂದು ಸೌಲಭ್ಯ ಇದೆ, ಮುಂದೆ ಯಾವ ಅಕ್ಷರ ಬರುತ್ತದೆ ಅಂತ ಅದಕ್ಕೆ ಗೊತ್ತು, ಹಾಗಾಗಿ ಈಗಿನ ಅಕ್ಷರದ ಬಾಲವನ್ನು ಅದಕ್ಕೆ ತಕ್ಕಂತೆ ಎಳೆಯುತ್ತದೆ. ಫಾಂಟಿನ ಅಕ್ಷರಕ್ಕೆ ಅದು ಗೊತ್ತಿಲ್ಲ. 26 ಸಣ್ಣಕ್ಷರ ಅಂದರೆ 26 ಗುಣಿಸು 26, 676 ಜೋಡಿ. ಎಲ್ಲ ಜೋಡಿಯೂ ಕೂಡಬೇಕು ಅಂದರೆ, ಪ್ರತಿ ಅಕ್ಷರವೂ ಒಂದೇ ಎತ್ತರದಲ್ಲಿ, ಒಂದೇ ಓರೆಯಲ್ಲಿ, ಒಂದೇ ದಪ್ಪದಲ್ಲಿ ಹೊರಗೆ ಬರಬೇಕು, ಮುಂದಿನದು ಅದನ್ನು ಅಲ್ಲೇ ಹಿಡಿದುಕೊಳ್ಳಬೇಕು. ರೈಲು ಬೋಗಿಗಳ ಕೊಂಡಿ ಹಾಗೆ. ನಿಯಮ ಹಾಕಿ ಅಳೆದು ಬರೆದವನ ಅಕ್ಷರ ಇಂಥ ಕೆಲಸಕ್ಕೆ ಒಗ್ಗುತ್ತದೆ, ಮನಸ್ಸು ಬಂದ ಹಾಗೆ ಬಳ್ಳಿ ಬಿಡಿಸಿದವನದು ಒಗ್ಗುವುದಿಲ್ಲ.

ನಮ್ಮ ತೇಜಸ್ವಿನಿಯ ಹೆಸರನ್ನೇ ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ನೋಡೋಣ. ಮೊದಲನೇದು ದೊಡ್ಡ ‘ಟಿ’. ಅದು ತನ್ನ ಪಾಡಿಗೆ ಗತ್ತಿನಿಂದ ನಿಂತಿರುತ್ತದೆ, ಕೂಡಿಕೊಳ್ಳದಿದ್ದರೂ ನಡೆಯುತ್ತದೆ. ಆಮೇಲೆ ‘ಇ’. ಅದರ ಬಾಲ ಕೆಳಗಿನ ಗೆರೆಯಿಂದ ಎದ್ದು ಮೇಲಕ್ಕೆ ಓರೆಯಾಗಿ ಹೋಗುತ್ತದೆ, ಮುಂದಿನ ‘ಜೆ’ಯ ನೆಟ್ಟ ಕಡ್ಡಿಗೆ ಹೋಗಿ ಅಂಟಿಕೊಳ್ಳುತ್ತದೆ. ಇಲ್ಲೊಂದು ಜಾಣತನ ಇದೆ, ಬಾಲದ ತುದಿಯನ್ನು ಕಡ್ಡಿಯ ಅಂಚಿಗೆ ನಿಲ್ಲಿಸುವುದಿಲ್ಲ, ದಪ್ಪ ಕಡ್ಡಿಯ ಒಳಗೆ ಸ್ವಲ್ಪ ಹುದುಗಿಸಿಬಿಡುತ್ತಾರೆ. ಕೂದಲಷ್ಟು ಆಚೀಚೆ ಆದರೂ ಬಿರುಕು ಕಾಣುವುದಿಲ್ಲ. ‘ಜೆ’ ಕೆಳಗೆ ಹೋಗಿ ಕುಣಿಕೆ ಹಾಕಿ ಮೇಲೆ ಬಂದು ‘ಎ’ ಹತ್ತಿರ ಹೋಗುತ್ತದೆ, ಆದರೆ ಸಣ್ಣಕ್ಷರದ ‘ಎ’ ಗುಂಡಗಿದೆ, ಎಡಗಡೆ ದಪ್ಪ ಕಡ್ಡಿ ಇಲ್ಲ, ಹೊಟ್ಟೆ ಇದೆ. ಇಲ್ಲಿ ಗೆರೆ ಹೊಟ್ಟೆಯನ್ನು ಸವರಿಕೊಂಡು ಸೇರಬೇಕು. ಒಳಗೆ ಹೋದರೆ ಚುಚ್ಚಿದ ಹಾಗೆ ಕಾಣುತ್ತದೆ, ಹೊರಗೇ ನಿಂತರೆ ಸಂದು. ‘ಎಸ್’ ಇನ್ನೊಂದು ಪೀಕಲಾಟ. ಅದು ಕೆಳಗೆ ಎಡಕ್ಕೆ ತಿರುಗಿ ಮುಗಿಯುತ್ತದೆ, ಮುಂದಿನ ಅಕ್ಷರವೋ ಬಲಕ್ಕಿದೆ. ಕೈಯಲ್ಲಿ ಬರೆಯುವವನು ಸದ್ದಿಲ್ಲದೆ ಪೆನ್ನು ಎತ್ತಿ ಬುಡದಿಂದ ಹೊಸ ಗೆರೆ ಎಳೆದುಬಿಡುತ್ತಾನೆ. ಫಾಂಟಿನಲ್ಲಿ ಆ ಗೆರೆಯನ್ನು ಮೊದಲೇ ‘ಎಸ್’ಗೆ ಅಂಟಿಸಿಟ್ಟಿರಬೇಕು.

ನಿಜವಾದ ಗಂಟು ಇರುವುದು ‘ಡಬ್ಲ್ಯೂ’ ಮತ್ತು ‘ಐ’ ನಡುವೆ. ಮಿಕ್ಕ ಅಕ್ಷರಗಳೆಲ್ಲ ಬುಡದಲ್ಲಿ ಹೊರಗೆ ಬಂದರೆ ‘ಡಬ್ಲ್ಯೂ’, ‘ಓ’, ‘ವಿ’, ‘ಬಿ’ ಇವು ತಲೆಯಲ್ಲಿ ಹೊರಗೆ ಬರುತ್ತವೆ. ‘ಐ’ ಬುಡದಿಂದ ಬರುವ ಗೆರೆಗಾಗಿ ಕಾದು ಕೂತಿರುತ್ತದೆ. ಸರಿಯಾಗಿ ಮಾಡಿದ ಫಾಂಟಿನಲ್ಲಿ ತಲೆಯಿಂದ ಹೊರಟ ಗೆರೆ ಸ್ವಲ್ಪ ಜೋತುಬಿದ್ದು ‘ಐ’ ಕಡ್ಡಿಯ ಮೇಲ್ಭಾಗಕ್ಕೆ ಸೇರುತ್ತದೆ, ಬಟ್ಟೆ ಒಣಹಾಕುವ ಹಗ್ಗದ ಹಾಗೆ. ಸರಿಯಾಗಿ ಮಾಡದ ಫಾಂಟಿನಲ್ಲಿ ಅಲ್ಲೊಂದು ಮೊಂಡು ಮೂಗು ಕಾಣುತ್ತದೆ. ಪುಕ್ಕಟೆ ಸಿಗುವ ಸ್ಕ್ರಿಪ್ಟ್ ಫಾಂಟ್ ಒಳ್ಳೇದಾ ಅಂತ ನೋಡಲು ನಾನೀಗ ಮೊದಲು ಹೊಡೆಯುವುದೇ ‘ಡಬ್ಲ್ಯೂ’, ‘ಓ’, ‘ಬಿ’ಗಳ ಪಕ್ಕ ‘ಐ’, ‘ಆರ್’, ‘ಎಸ್’. ಅಲ್ಲಿ ಪಾಸಾದರೆ ಮಿಕ್ಕದ್ದು ಪಾಸು.

ಐಫೋನ್ ಅಥವಾ ಮ್ಯಾಕ್ ಇರುವವರ ಹತ್ತಿರ ಸ್ನೆಲ್ ರೌಂಡ್‌ಹ್ಯಾಂಡ್ ಈಗಾಗಲೇ ಇದೆ, ಆಪಲ್‌ನವರು ಜೊತೆಗೇ ಕೊಡುತ್ತಾರೆ. ಪೇಜಸ್ ಆ್ಯಪ್ ತೆಗೆದು ನಿಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೊಡೆದು, ದೊಡ್ಡದು ಮಾಡಿ, ಕೂಡುವ ಜಾಗಗಳನ್ನೇ ನೋಡಿ. ಆಮೇಲೆ ಅಕ್ಷರಗಳ ನಡುವಿನ ಅಂತರವನ್ನು ಒಂದೇ ಒಂದು ಚೂರು ಹೆಚ್ಚಿಸಿ. ಇಷ್ಟು ಹೊತ್ತು ಒಂದೇ ಉಸಿರಿನಲ್ಲಿ ಬರೆದಂತಿದ್ದ ಹೆಸರು ಪಟ ಪಟ ಅಂತ ಕಳಚಿಕೊಳ್ಳುತ್ತದೆ. ‘ಈ ಫಾಂಟಿಗೆ ಲೆಟರ್ ಸ್ಪೇಸಿಂಗ್ ಮುಟ್ಟಬೇಡಿ’ ಅಂತ ತಿಳಿದವರು ಬಡಕೊಳ್ಳುವುದು ಇದಕ್ಕೇ. ಎರಡೂ ಬದಿ ಸಮ ಮಾಡುವ ಜಸ್ಟಿಫೈ ಗುಂಡಿಯನ್ನೂ ದೂರ ಇಡಿ, ಕೆಲವು ಸಾಫ್ಟ್‌ವೇರ್‌ಗಳು ಸಾಲು ತುಂಬಿಸಲು ಅಕ್ಷರಗಳ ನಡುವೆಯೇ ಕದ್ದು ಜಾಗ ಬಿಡುತ್ತವೆ.

ನನ್ನ ಕ್ಯಾಪ್ಸ್ ಲಾಕ್ ಕಥೆಗೂ ಉತ್ತರ ಇಲ್ಲೇ ಇದೆ. ಈ ಬರಹದಲ್ಲಿ ದೊಡ್ಡಕ್ಷರಗಳು ಒಬ್ಬೊಬ್ಬರೇ ಬರುವ ಅತಿಥಿಗಳು. ಪದದ ಮೊದಲಿಗೆ ಬಂದು ಕೂತು, ಕೈಕಾಲು ಚಾಚಿ, ಆಮೇಲೆ ಸಣ್ಣಕ್ಷರಗಳಿಗೆ ದಾರಿ ಬಿಡುವಂಥವು. ಪಕ್ಕದಲ್ಲಿ ಇನ್ನೊಂದು ದೊಡ್ಡಕ್ಷರ ಬರುತ್ತದೆ ಅನ್ನುವ ಲೆಕ್ಕವೇ ಅವುಗಳಿಗಿಲ್ಲ. ಒಂಬತ್ತು ಜನ ಬೀಗರನ್ನು ಒಂದೇ ಸೋಫಾದ ಮೇಲೆ ಕೂರಿಸಿದರೆ ಏನಾಗುತ್ತದೋ ಅದೇ ಆಯಿತು. ಜೊತೆಗೆ ಈ ಶೈಲಿಯಲ್ಲಿ ದೊಡ್ಡ ‘ಐ’ ಮತ್ತು ‘ಜೆ’ ಅವಳಿ ಜವಳಿ, ‘ಟಿ’ ಮತ್ತು ‘ಎಫ್’ ಅಣ್ಣ ತಮ್ಮ, ‘ಎಸ್’ ಮತ್ತು ‘ಎಲ್’ ದೂರದಿಂದ ಒಂದೇ. ಮುಂದಿನ ಸಣ್ಣಕ್ಷರಗಳ ಸುಳಿವು ಸಿಕ್ಕಾಗಲೇ ಕಣ್ಣು ಅವನ್ನು ಗುರುತಿಸೋದು. ಆ ಸುಳಿವನ್ನೇ ನಾನು ಕಿತ್ತುಹಾಕಿದ್ದೆ.

ಇನ್ನು ಕಂಪ್ಯೂಟರ್ ಕಾಲದ ಮಾತು. ಕಾರ್ಟರ್ 1972ರಲ್ಲಿ ಇದೇ ಬಳಗದ ಇನ್ನೊಂದು ಫಾಂಟ್ ಮಾಡಿದ, ಹೆಸರು ಶೆಲ್ಲಿ, ಅದೂ ಒಬ್ಬ ಹಳೇ ಮೇಷ್ಟ್ರ ಹೆಸರೇ. ಅದನ್ನು ಆಂದಾಂತೆ, ಅಲ್ಲೆಗ್ರೋ, ವೊಲಾಂತೆ ಅಂತ ಸಂಗೀತದ ಹೆಸರಿಟ್ಟ ಮೂರು ಬೇರೆ ಬೇರೆ ಫಾಂಟ್‌ಗಳಾಗಿ ಕೊಟ್ಟರು. ಒಂದರಲ್ಲಿ ಬಳ್ಳಿ ಕಡಿಮೆ, ಒಂದರಲ್ಲಿ ಮಧ್ಯಮ, ಒಂದರಲ್ಲಿ ಜಾಸ್ತಿ. ಬೇಕಾದ ಅಕ್ಷರವನ್ನು ಬೇಕಾದ ಕಡೆಯಿಂದ ನಾವೇ ಆರಿಸಿ ಹಾಕಿಕೊಳ್ಳಬೇಕಿತ್ತು. ಓಪನ್‌ಟೈಪ್ ಅನ್ನುವ ಹೊಸ ಮಾದರಿಯ ಫಾಂಟ್ ಬಂದಮೇಲೆ ಈ ಆಯ್ಕೆಯನ್ನು ಫಾಂಟಿಗೇ ಕಲಿಸಬಹುದಾಯಿತು. ಅಡೋಬಿಗಾಗಿ ರಿಚರ್ಡ್ ಲಿಪ್ಟನ್ ಮಾಡಿದ ಬಿಕ್‌ಹ್ಯಾಮ್ ಸ್ಕ್ರಿಪ್ಟ್‌ನ ಪ್ರೊ ಆವೃತ್ತಿಯಲ್ಲಿ ಒಂದೊಂದು ಅಕ್ಷರಕ್ಕೂ ಹಲವು ರೂಪ ಇವೆ. ಪದದ ಮೊದಲಿಗೆ ಬಂದರೆ ಒಂದು, ಕೊನೆಗೆ ಬಂದರೆ ಇನ್ನೊಂದು, ಹಿಂದೆ ‘ಓ’ ಇದ್ದರೆ ಮತ್ತೊಂದು. ನೀವು ಹೊಡೆಯುತ್ತಾ ಹೋದ ಹಾಗೆ ಹಿಂದಿನ ಅಕ್ಷರ ತನ್ನ ಬಾಲ ಬದಲಿಸಿಕೊಳ್ಳುತ್ತದೆ. ಬರೆಯುವ ಕೈಗೆ ಇದ್ದ ಆ ಮುಂದಾಲೋಚನೆ ಫಾಂಟಿಗೂ ಬಂತು ಅನ್ನಿ.

ಇದೇನೋ ದೊಡ್ಡ ಮಾಯೆ ಅಂತ ಇಂಗ್ಲಿಷ್‌ನವರಿಗೆ ಅನ್ನಿಸಬಹುದು. ಕನ್ನಡದವರು ನಾವು ಇದನ್ನು ದಿನಾ ಉಸಿರಾಡಿದಷ್ಟೇ ಸಲೀಸಾಗಿ ಮಾಡುತ್ತೇವೆ. ಸ, ತ, ರ ನಡುವೆ ಹಲಂತ ಹೊಡೆದು ಕೊನೆಗೆ ಈಕಾರ ಕೊಟ್ಟರೆ ಸ್ತ್ರೀ ಆಗುತ್ತದೆ. ‘ಸೂರ್ಯ’ ಅಂತ ಹೊಡೆದರೆ ಮೊದಲು ಹೊಡೆದ ರಕಾರ ಯಕಾರದ ಬಲಕ್ಕೆ ಹೋಗಿ ಅರ್ಕಾವತ್ತಾಗಿ ಕೂರುತ್ತದೆ. ಅದೂ ಇದೇ ಓಪನ್‌ಟೈಪ್ ಯಂತ್ರದ ಕೆಲಸ. ಅಕ್ಕಪಕ್ಕ ನೋಡಿ ರೂಪ ಬದಲಿಸು ಅನ್ನುವ ನಿಯಮಗಳು ಫಾಂಟಿನೊಳಗೆ ಬರೆದಿರುತ್ತವೆ. ಫೋಟೋಶಾಪ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಸೆಟ್ಟಿಂಗ್ ಹಾಕದೆ ಕನ್ನಡ ಹೊಡೆದು ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಉದುರಿದ್ದನ್ನು ನೋಡಿ ತಲೆ ಚಚ್ಚಿಕೊಂಡವರು ನಮ್ಮಲ್ಲಿ ಕಡಿಮೆ ಇಲ್ಲ. ಸ್ಕ್ರಿಪ್ಟ್ ಫಾಂಟಿಗೆ ಕಂಟೆಕ್ಸ್ಚುವಲ್ ಆಲ್ಟರ್ನೇಟ್ಸ್, ಅಂದರೆ ಅಕ್ಕಪಕ್ಕ ನೋಡಿ ರೂಪ ಬದಲಿಸುವ ಆ ಸೌಲಭ್ಯವನ್ನು ಆಫ್ ಮಾಡಿದರೆ ಆಗುವುದೂ ಅದೇ ಅನಾಹುತ. ವ್ಯತ್ಯಾಸ ಇಷ್ಟೇ, ಅವರಿಗೆ ಚೆಂದ ಹೋಗುತ್ತದೆ, ನಮಗೆ ಅರ್ಥವೇ ಹೋಗುತ್ತದೆ.

ಬಳಕೆಗೆ ಬರೋಣ. ಲಗ್ನಪತ್ರಿಕೆ, ಸರ್ಟಿಫಿಕೇಟ್, ಸನ್ಮಾನ ಪತ್ರ, ಚಾಕೊಲೇಟ್ ಡಬ್ಬ, ಸೆಂಟು ಬಾಟಲಿ. ಈ ಅಕ್ಷರ ನೋಡಿದ ಕೂಡಲೇ ‘ಇದು ಮುಖ್ಯವಾದ ಕಾಗದ’ ಅಂತ ಅನ್ನಿಸುವುದಕ್ಕೆ ಕಾರಣ ಹಳೇದು. ಶತಮಾನಗಟ್ಟಲೆ ಕರಾರು, ಷೇರು ಪತ್ರ, ನೋಟು, ಪದವಿ ಪತ್ರ ಇವೆಲ್ಲ ಕೊರೆದ ಹಲಗೆಯಿಂದಲೇ ಬರುತ್ತಿದ್ದವು. ಕೊರೆಸುವುದಕ್ಕೆ ದುಡ್ಡು ಬೇಕು, ನಕಲು ಮಾಡುವುದು ಕಷ್ಟ. ಆ ಗತ್ತು ಅಕ್ಷರಕ್ಕೆ ಅಂಟಿಕೊಂಡಿತು. ಈಗ ಫಾಂಟ್ ಪುಕ್ಕಟೆ ಸಿಕ್ಕರೂ ಗತ್ತು ಇನ್ನೂ ಪೂರ್ತಿ ಇಳಿದಿಲ್ಲ. ಬೇಕರಿ ಬೋರ್ಡಿಗೆಲ್ಲ ಹಾಕಿ ಇಳಿಸುತ್ತಾ ಇದ್ದೇವೆ, ಆ ಮಾತು ಬೇರೆ.

ತೊಂದರೆ ಬರುವುದು ಅಚ್ಚಿನ ಮನೆಯಲ್ಲಿ. ಪರದೆ ಮೇಲೆ 200 ಪರ್ಸೆಂಟ್ ದೊಡ್ಡದು ಮಾಡಿ ನೋಡಿದಾಗ ತೆಳು ಗೆರೆ ಎಷ್ಟು ಮುದ್ದಾಗಿ ಕಾಣುತ್ತದೋ, ಕಾರ್ಡಿನ ಮೇಲೆ ಅದು ಕಾಣದೆಯೂ ಹೋಗಬಹುದು. ಆಫ್‌ಸೆಟ್‌ನಲ್ಲಿ ಕಾಲು ಪಾಯಿಂಟಿಗಿಂತ ತೆಳು ಗೆರೆಯನ್ನು ನಂಬಬೇಡಿ ಅನ್ನೋದು ಸಾಮಾನ್ಯ ಲೆಕ್ಕ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಡುವುದಾದರೆ ಅದಕ್ಕಿಂತ ದಪ್ಪ ಬೇಕು, ಯಾಕಂದರೆ ಸುತ್ತಲಿನ ಶಾಯಿ ಒಳಗೆ ನುಗ್ಗಿ ಗೆರೆಯನ್ನು ನುಂಗುತ್ತದೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಬಟ್ಟೆಯ ಎಳೆಗಳ ನಡುವೆ ಸಣ್ಣ ಗೆರೆ ಚುಕ್ಕಿ ಚುಕ್ಕಿಯಾಗುತ್ತದೆ. ಚಿನ್ನದ ಫಾಯಿಲ್ ಒತ್ತುವಾಗ ಇನ್ನೊಂದು ತರಲೆ, ತೆಳು ಗೆರೆಗೆ ಫಾಯಿಲ್ ಹಿಡಿಯುವುದೇ ಇಲ್ಲ, ಇತ್ತ ಸಣ್ಣ ಕುಣಿಕೆಗಳು ಪೂರ್ತಿ ತುಂಬಿಕೊಂಡು ಚಿನ್ನದ ಗುಳಿಗೆಯಾಗುತ್ತವೆ. ಇದಕ್ಕೇ ಸ್ನೆಲ್‌ನಲ್ಲಿ ಬೋಲ್ಡ್, ಬ್ಲ್ಯಾಕ್ ಅಂತ ದಪ್ಪ ರೂಪಗಳೂ ಇವೆ. ನೋಡಲು ಅಷ್ಟು ನಾಜೂಕಲ್ಲ, ಆದರೆ ಕಾರ್ಡಿನ ಮೇಲೆ ಉಳಿಯುತ್ತವೆ. ಕಂಪ್ಯೂಟರಿನಲ್ಲಿ ಸ್ವಲ್ಪ ಒರಟು ಅನ್ನಿಸಿದ್ದೇ ಕಾಗದದ ಮೇಲೆ ಸರಿಯಾಗಿ ಬರುವುದು.

ರೇಡಿಯಂ ಕಟಿಂಗ್ ಅಂಗಡಿಗೆ ಕೊಡುವುದಾದರೆ ಇನ್ನೊಂದು ಮಾತು. ಬಾಲ ಮುಂದಿನ ಅಕ್ಷರದೊಳಗೆ ಹುದುಗಿರುತ್ತದೆ ಅಂದೆನಲ್ಲ, ಕತ್ತರಿಸುವ ಯಂತ್ರಕ್ಕೆ ಆ ಹುದುಗಿದ ಭಾಗವೂ ಒಂದು ಗೆರೆಯೇ. ಕೋರಲ್‌ಡ್ರಾದಲ್ಲಿ ಸುಮ್ನೆ ಕರ್ವ್ಸ್ ಮಾಡಿ, ಅಂದರೆ ಅಕ್ಷರವನ್ನು ಬರೀ ಗೆರೆಯ ಚಿತ್ರವಾಗಿಸಿ ಕಳಿಸಿದರೆ ಕೂಡುವ ಜಾಗದಲ್ಲೆಲ್ಲ ಅಡ್ಡಡ್ಡ ಕುಯ್ದು ಹಾಕುತ್ತದೆ, ಸ್ಟಿಕ್ಕರ್ ಅಂಟಿಸುವಾಗ ಹೆಸರು ಚೂರು ಚೂರಾಗಿ ಕೈಗೆ ಬರುತ್ತದೆ. ಕರ್ವ್ಸ್ ಆದಮೇಲೆ ಎಲ್ಲ ಅಕ್ಷರ ಆರಿಸಿಕೊಂಡು ವೆಲ್ಡ್ ಮಾಡಬೇಕು, ಅಂದರೆ ಬೆಸೆದು ಒಂದೇ ಆಕಾರ ಮಾಡಬೇಕು. ಅಕ್ಷರದ ಸುತ್ತ ಔಟ್‌ಲೈನ್ ಕೊಡುವಾಗಲೂ ಇದೇ ಮದ್ದು.

ಅಳತೆಯ ವಿಷಯದಲ್ಲಿ ಇವು ಮೋಸ ಮಾಡುತ್ತವೆ. ಉದ್ದ ಕಡ್ಡಿ, ಕೆಳಗಿನ ಕುಣಿಕೆ, ದೊಡ್ಡಕ್ಷರದ ಬಳ್ಳಿ ಇವಕ್ಕೇ ಜಾಗವೆಲ್ಲ ಹೋಗಿ ಸಣ್ಣಕ್ಷರದ ಹೊಟ್ಟೆ ತೀರಾ ಕಿರಿದಾಗಿರುತ್ತದೆ. ಮಾಮೂಲಿ ಫಾಂಟಿನ 12 ಪಾಯಿಂಟಿಗೆ ಇದರ 12 ಪಾಯಿಂಟ್ ಸಮವಲ್ಲ, ಪಕ್ಕದಲ್ಲಿಟ್ಟರೆ ಇರುವೆ ಸಾಲು. ಹೆಸರಿಗೆ 30, 36 ಹಾಕಿದರೂ ತಪ್ಪಿಲ್ಲ. ವಿಳಾಸ, ಫೋನ್ ನಂಬರ್, ಮುಹೂರ್ತದ ಗಂಟೆ ನಿಮಿಷ ಇವನ್ನು ಮಾತ್ರ ದಯವಿಟ್ಟು ಇದರಲ್ಲಿ ಹಾಕಬೇಡಿ. ಬೆಳಗಿನ 7ಕ್ಕೋ 1ಕ್ಕೋ ಅಂತ ನೆಂಟರು ಫೋನ್ ಮಾಡುತ್ತಾರೆ.

ಪಕ್ಕದಲ್ಲಿ ಕನ್ನಡ ಇದ್ದರೆ ಏನು ಮಾಡೋದು ಅಂತ ಸುಮಾರು ಜನ ಕೇಳುತ್ತಾರೆ. ಇಂಗ್ಲಿಷ್ ವಾಲಿದೆ, ಕನ್ನಡವೂ ವಾಲಲಿ ಅಂತ ‘ಐ’ ಗುಂಡಿ ಒತ್ತಿ ಕನ್ನಡವನ್ನು ಬಲಕ್ಕೆ ತಳ್ಳುವುದು ಎಲ್ಲ ಕಡೆ ಕಾಣುತ್ತದೆ. ನನಗೆ ಅದು ಹಿಡಿಸುವುದಿಲ್ಲ. ಅದು ವಾಲಿಸಿ ಬರೆದದ್ದಲ್ಲ, ನೆಟ್ಟಗಿದ್ದುದನ್ನು ತಳ್ಳಿ ಬೀಳಿಸಿದ್ದು, ಗುಂಡು ಹೊಟ್ಟೆಗಳೆಲ್ಲ ಸೊಟ್ಟಗಾಗಿ ತಲೆಕಟ್ಟು ಜಾರಿದಂತೆ ಕಾಣುತ್ತದೆ. ಹರಿಯುವ ಬರಹ ನಮಗೂ ಹೊಸದಲ್ಲ. ಶಾನುಭೋಗರ ಹಳೇ ಕಡತದ ಮೋಡಿ ಅಕ್ಷರ ನೋಡಿದವರಿಗೆ ಅದು ಗೊತ್ತು, ಓದೋದು ಮಾತ್ರ ದೇವರಿಗೇ ಪ್ರೀತಿ. ಆದರೆ ಅಚ್ಚಿನ ಕನ್ನಡದ ಚೆಂದ ಬೇರೆ, ಅದು ಆಗಲೇ ಸಾಕಷ್ಟು ಗುಂಡಗಿದೆ, ಬಳುಕು ಅದರೊಳಗೇ ಇದೆ. ತೆಳು ಗೆರೆಯ ನೆಟ್ಟಗಿನ ಕನ್ನಡ ಫಾಂಟ್ ಒಂದನ್ನು ಇಟ್ಟು, ಸುತ್ತ ಜಾಗ ಬಿಟ್ಟರೆ ಸಾಕು.

ತೇಜಸ್ವಿನಿಯ ಕಾರ್ಡಿನ ಎರಡನೇ ಪ್ರೂಫ್‌ನಲ್ಲಿ ‘ಟಿ’ ಒಂದು ಮಾತ್ರ ದೊಡ್ಡದಿತ್ತು, ಮಿಕ್ಕ ಎಂಟೂ ಸಣ್ಣಕ್ಷರ, ಬೋಲ್ಡ್ ರೂಪ, ‘ಡಬ್ಲ್ಯೂ’ಯಿಂದ ‘ಐ’ಗೆ ಹಗ್ಗ ಸರಿಯಾಗಿ ಕಟ್ಟಿತ್ತು. ಚಿಕ್ಕಪ್ಪ ಒಂದೇ ಸಲಕ್ಕೆ ಓದಿದರು. ಓದಿ, ಕಾರ್ಡ್ ತಿರುವಿ ಕನ್ನಡದ ಕಡೆ ನೋಡಿ, “ಬೀಗರ ಊರಿನ ಹೆಸರಲ್ಲಿ ಒತ್ತು ಬಿಟ್ಟುಹೋಗಿದೆಯಲ್ಲೋ” ಅಂದರು.